ಸರದಿ ತಪ್ಪಿಸದ ಎರ್ರಪ್ಪ

ಈ ಸಲದ ಮೇ ದಿನ ಚಿಕ್ಕಬಳ್ಳಾಪುರದ ವೇದಿಕೆಯಲ್ಲಿ ಕಾರ್ಮಿಕ ನಾಯಕ ಭಾನುಪ್ರಕಾಶ್ ಮೈಕು ಹಿಡಿದು ಗುಡುಗಿದರು. "ಪಂಚಾಯ್ತಿಯ ಒಬ್ಬ ಬಡ ನೀರುಗಂಟಿ ಎರ್ರಪ್ಪನ ಪರವಾಗಿ ನಮ್ಮ ಸಂಘ ಬಂಡೆಯ ಹಾಗೆ ನಿಂತಿತು, ಬಂಧುಗಳೇ!" ಚಪ್ಪಾಳೆ ಬಿತ್ತು. ಕೆಂಪು ಶಾಲಿನವರೆಲ್ಲ ತಲೆದೂಗಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ತನುಜ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಅವಳ ಬಲಗೈಯಲ್ಲಿ ಎರಡು ಬೆರಳಿಲ್ಲ, ನಿಜ. ಆದರೆ ತಟ್ಟದೇ ಇದ್ದದ್ದು ಅದಕ್ಕಲ್ಲ.

ಪಕ್ಕದವಳ ಕಿವಿಗೆ ಬಾಗಿ ಅಂದಳು: "ಬಂಡೆ ಥರ ನಿಂತಿದ್ದು ದಿಟವೇ ಬಿಡಕ್ಕ. ಬಂಡೆ ಅಲ್ಲಾಡಲ್ವಲ್ಲ."

ಹಿಂದಿನ ಸಾಲಿನಲ್ಲಿದ್ದ ನಾನು ಆ ಮಾತು ಕೇಳಿದ ಮೇಲೆ ಸುಮ್ಮನಿರೋದು ಹೇಗೆ? ನಾಳೆ ಇದೇ ಭಾಷಣ ಸಂಘದ ಸ್ಮರಣ ಸಂಚಿಕೆಯಲ್ಲಿ ಅಚ್ಚಾಗುತ್ತದೆ. ಹತ್ತು ವರ್ಷ ಹೋದರೆ ಅದೇ ಚರಿತ್ರೆ. ಹಾಗಾಗುವ ಮುಂಚೆ ಎರ್ರಪ್ಪ ಯಾರು, ಅವನಿಗೆ ಏನಾಯಿತು, ಯಾರು ನಿಂತರು, ಯಾರು ಕಾಲ್ತೆಗೆದರು ಅನ್ನೋದನ್ನ ಬರೆದಿಡಬೇಕು.

ಗೌರಿಬಿದನೂರು ದಾಟಿ, ಕುಡುಮಲಕುಂಟೆಯ ಫ್ಯಾಕ್ಟರಿಗಳ ಸಾಲನ್ನು ಹಿಂದೆ ಬಿಟ್ಟು ಮಣ್ಣುರಸ್ತೆಗೆ ತಿರುಗಿದರೆ ಬೋಯನಕುಂಟೆ ಅಂತ ಒಂದು ಊರು. ಎರ್ರಪ್ಪ ಆ ಊರಿನ ನೀರುಗಂಟಿ. ಅವನಪ್ಪ ಬಯ್ಯಪ್ಪನೂ ನೀರುಗಂಟಿಯೇ. ಬಯ್ಯಪ್ಪನ ಕಾಲಕ್ಕೆ ಕೆರೆ ಇತ್ತು. ತೂಬು ಎತ್ತಿ ಯಾರ ಗದ್ದೆಗೆ ಯಾವತ್ತು ನೀರು ಅಂತ ಬಿಡೋದು ಅವನ ಕೆಲಸ. ಹಿರಿಯರು ಒಂದು ಕಟ್ಟು ಮಾಡಿಟ್ಟಿದ್ದರು: ನೀರುಗಂಟಿಗೆ ಕೆರೆಯ ಕೆಳಗೆ ಒಂದು ಗುಂಟೆ ಜಮೀನೂ ಇರಕೂಡದು. ಇದ್ದರೆ ಕೈ ತನ್ನ ಗದ್ದೆಯ ಕಡೆ ವಾಲುತ್ತದೆ. ಕೇರಿಯವನಿಗೆ ಜಮೀನು ಕೊಡದೇ ಇರೋದಕ್ಕೆ ಇದೂ ಒಂದು ನೆಪವಾಯಿತು ಅನ್ನೋದು ಬೇರೆ ಮಾತು. ಬಯ್ಯಪ್ಪ ಅದಕ್ಕೆ ತನ್ನದೂ ಒಂದು ಕಟ್ಟು ಸೇರಿಸಿಕೊಂಡಿದ್ದ. ಊರಿಗೆಲ್ಲ ಆದ ಮೇಲೆ ನೀರುಗಂಟಿ ಮನೆಯ ಬಿಂದಿಗೆ. ಕೊನೆಗೆ. ಹಬ್ಬವಿರಲಿ, ಬಾಣಂತಿ ಇರಲಿ, ಕೊನೆಗೇ.

ಕೆರೆ ಬತ್ತಿತು. ಕೆರೆಯಂಗಳದಲ್ಲಿ ಜಾಲಿ ಬೆಳೆಯಿತು. ಪಂಚಾಯ್ತಿಯವರು ಬೋರ್‌ವೆಲ್ ಕೊರೆಸಿ, ಓವರ್‌ಹೆಡ್ ಟ್ಯಾಂಕು ಕಟ್ಟಿಸಿ, ಊರಿಗೆ ಮೂರು ಲೈನ್ ಪೈಪು ಹಾಕಿಸಿದರು. ಒಂದು ಮೇಲಿನ ಬೀದಿಗೆ, ಒಂದು ಕೇರಿಗೆ, ಒಂದು ರಸ್ತೆ ಬದಿಯ ಲೈನ್ ಮನೆಗಳಿಗೆ. ಮೂರಕ್ಕೂ ಬೇರೆ ಬೇರೆ ವಾಲ್ವು. ವಾಲ್ವು ತಿರುಗಿಸುವ ಕಬ್ಬಿಣದ ಉದ್ದನೆಯ ಕೀ ಎರ್ರಪ್ಪನ ಕೈಗೆ ಬಂತು. ಸರ್ಕಾರದ ಬಾಯಲ್ಲಿ ಅವನು ವಾಟರ್‌ಮ್ಯಾನ್ ಆದ. ಮೇಲಿನ ಬೀದಿಯವರ ಬಾಯಲ್ಲಿ "ಲೇ ಎರ್ರ" ಆಗೇ ಉಳಿದ. ಸೈಕಲ್ಲಿನ ಹಿಂದೆ ಕೀ ಕಟ್ಟಿಕೊಂಡು, ಕರೆಂಟು ಬಂದ ಹೊತ್ತಿಗೆಲ್ಲ ಓಡುವ ಬದುಕು. ಸಂಬಳ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕೇಳಿದರೆ, "ನೀರು ಬಿಡೋದೂ ಒಂದು ಕೆಲಸ ಏನೋ?" ಅನ್ನೋರು. ಒಂದು ದಿನ ಬರದಿದ್ದರೆ ಅವನ ಮನೆ ಮುಂದೆ ಬಂದು ಕೂಗಾಡೋರೂ ಅವರೇ.

ಲೈನ್ ಮನೆಗಳೆಂದರೆ ತಗಡಿನ ಸೂರಿನ ಒಂದೊಂದು ಕೋಣೆ. ಅವುಗಳಲ್ಲಿ ಬಾಡಿಗೆಗೆ ಇರೋರೆಲ್ಲ ಹತ್ತಿರದ ಪ್ಲಾಸ್ಟಿಕ್ ಚೀಲದ ಫ್ಯಾಕ್ಟರಿಯ ಕೆಲಸಗಾರರು. ಸಿಮೆಂಟಿಗೆ, ಗೊಬ್ಬರಕ್ಕೆ ಚೀಲ ನೇಯುವ ಫ್ಯಾಕ್ಟರಿ ಅದು. ನೇಯೋರು ಗಂಡಸರು, ಹೆಚ್ಚಿನವರು ಪರ್ಮನೆಂಟು, ಸಂಘದ ಸದಸ್ಯರು. ಚೀಲ ಕತ್ತರಿಸಿ ಹೊಲಿಯೋರು ಹೆಂಗಸರು, ಅಷ್ಟೂ ಜನ ಕಂಟ್ರಾಕ್ಟು. ಕಂಟ್ರಾಕ್ಟರು ಯಾರು? ಮುರಳಿಮೋಹನ್. ಫ್ಯಾಕ್ಟರಿಯ ಸರಕು ಸಾಗಿಸುವ ಲಾರಿಗಳೂ ಅವನವೇ. ಅವನಪ್ಪ ಆವಲಪ್ಪ, ಮೇಲಿನ ಬೀದಿಯ ದೊಡ್ಡ ಜಮೀನುದಾರ. ಮುರಳಿಮೋಹನನ ಹೆಂಡತಿ ಶೋಭಾರಾಣಿ ಪಂಚಾಯ್ತಿ ಅಧ್ಯಕ್ಷೆ. ಮಹಿಳಾ ಮೀಸಲಾತಿ ನೋಡಿ! ಬೋರ್ಡಿನಲ್ಲಿ ಸೊಸೆಯ ಹೆಸರು, ಕುರ್ಚಿಯಲ್ಲಿ ಮಾವನ ಅಂಡು.

ಹೋದ ವರ್ಷ ಬೇಸಿಗೆ ಶುರುವಿನಲ್ಲಿ, ಚಿಕ್ಕಬಳ್ಳಾಪುರ ಹೊಸ ಜಿಲ್ಲೆಯಾಗಿ ಇನ್ನೂ ವರ್ಷ ತುಂಬದ ಹೊತ್ತಿನಲ್ಲಿ, ತನುಜಳ ಕೈ ಕಟಿಂಗ್ ಮಿಷನ್ನಿಗೆ ಸಿಕ್ಕಿತು. ಇವಳು ಶಿಡ್ಲಘಟ್ಟದ ಹುಡುಗಿ. ಅಮ್ಮ ರೇಷ್ಮೆ ಗೂಡು ಬೇಯಿಸುವ ಬಿಸಿನೀರಿನಲ್ಲಿ ಕೈ ಅದ್ದಿ ಅದ್ದಿ ಬೆರಳ ಸಂದಿಯೆಲ್ಲ ಕೊಳೆಸಿಕೊಂಡವಳು. "ನಿನ್ನ ಕೈಯಾದ್ರೂ ನೆಟ್ಟಗಿರ್ಲಿ ಅಮ್ಮಾಯಿ," ಅಂತ ಅವಳೇ ಮಗಳನ್ನು ಇಲ್ಲಿಗೆ ಕಳಿಸಿದ್ದಳು. ಎರಡು ಬೆರಳು ಹೋದವು. ಆಸ್ಪತ್ರೆಗೆ ಬಂದ ಫ್ಯಾಕ್ಟರಿಯ ಆಫೀಸರು ಮಂಚದ ಪಕ್ಕ ನಿಂತು, ಮೂಗಿಗೆ ಕರ್ಚೀಫು ಹಿಡಿದು ಹೇಳಿದ ಮಾತು ಇದು: "ಈಕೆ ನಮ್ಮ ಕಾರ್ಮಿಕಳೇ ಅಲ್ಲ."

ಆ ಒಂದು ಮಾತಿಗೆ ಮುಷ್ಕರವಾಯಿತು. ಇಲ್ಲಿ ಭಾನುಪ್ರಕಾಶ್ ಅವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡುತ್ತೇನೆ. ಪರ್ಮನೆಂಟಿನವರನ್ನು ಒಪ್ಪಿಸಿ, ಕಂಟ್ರಾಕ್ಟ್ ಹೆಂಗಸಿಗಾಗಿ ಮಿಷನ್ನು ನಿಲ್ಲಿಸಿದ ಮನುಷ್ಯ ಅವರು. ಗೇಟಿನ ಮುಂದೆ ಶಾಮಿಯಾನ ಹಾಕಿ, ಪೊಲೀಸರ ಲಾಠಿಗೆ ಭುಜ ಕೊಟ್ಟರು. "ಗೇಟಿನೊಳಗೆ ಬೆವರು ಸುರಿಸಿದವರೆಲ್ಲ ನಮ್ಮವರು" ಅಂತ ಬ್ಯಾನರು ಬರೆಸಿದರು. ಓದಿದರೆ ಮೈ ಜುಮ್ಮೆನ್ನುತ್ತಿತ್ತು. ಗೇಟಿನ ಹೊರಗೆ ಬೆವರು ಸುರಿಸೋರ ಗತಿ ಏನು ಅಂತ ಯಾರಿಗೂ ಆಗ ತೋಚಲಿಲ್ಲ.

ಮುಷ್ಕರ ಮುರಿಯೋಕೆ ಆವಲಪ್ಪನಿಗೆ ಗೂಂಡಾಗಳು ಬೇಕಿರಲಿಲ್ಲ. ಲೈನ್ ಮನೆಗಳಿಗೆ ಆ ಒಂದು ಪೈಪು ಬಿಟ್ಟರೆ ಬೇರೆ ನೀರಿಲ್ಲ. ನೀರು ನಿಂತರೆ ಮಕ್ಕಳುಮರಿ ಕಟ್ಟಿಕೊಂಡು ಜನ ತಮ್ಮ ತಮ್ಮ ಊರಿಗೆ ಹೊರಡುತ್ತಾರೆ. ಊರಿಗೆ ಹೋದವರು ಮುಷ್ಕರದಲ್ಲಿ ಕೂರೋದಿಲ್ಲ. ಅಷ್ಟೇ ಲೆಕ್ಕಾಚಾರ. ಎರ್ರಪ್ಪನಿಗೆ ಕರೆ ಬಂತು. ಆವಲಪ್ಪ ಜಗಲಿಯ ಮೇಲೆ, ಎರ್ರಪ್ಪ ಕೆಳಗೆ ಅಂಗಳದಲ್ಲಿ.

"ಲೇ ಎರ್ರ, ನಾಳೆಯಿಂದ ಲೈನ್ ಮನೆ ವಾಲ್ವು ಮುಟ್ಬೇಡ."

"ಯಾಕ್ ಗೌಡ್ರೇ?"

"ಯಾರಾದ್ರೂ ಕೇಳಿದ್ರೆ ಮೋಟ್ರು ಸುಟ್ಟೋಗೈತೆ ಅನ್ನು."

"ಮೋಟ್ರು ಸುಟ್ಟೋದ್ರೆ ನಿಮ್ಮನೆ ತೊಟ್ಟಿ ಹೆಂಗ್ ತುಂಬ್ತೈತೆ ಅಂತ ಕೇಳಲ್ವಾ ಗೌಡ್ರೇ? ಅವ್ರೂ ಮಿಷನ್ ಓಡ್ಸೋ ಜನ."

"ನನಗೇ ಬುದ್ಧಿ ಹೇಳ್ತೀಯೇನಲೇ?"

"ಬುದ್ಧಿ ಅಲ್ಲ ಗೌಡ್ರೇ. ನಾಳೆ ಅವರ ಸರದಿ. ಸರದಿ ತಪ್ಪಿಸಿದ್ರೆ ನಮ್ಮಪ್ಪ ಕನಸಲ್ಲಿ ಬಂದು ಒದೀತಾನೆ. ಬದುಕಿದ್ದಾಗ್ಲೇ ಬಾಳ ಒದ್ದವ್ನೆ, ಇನ್ನು ಆಗಲ್ಲ."

ಜಗಲಿಯ ಮೇಲಿದ್ದ ಇಬ್ಬರು ಮೂವರು ನಕ್ಕುಬಿಟ್ಟರು. ಅದೇ ತಪ್ಪಾಯಿತು. ಆವಲಪ್ಪನಂಥೋರು ಎದುರುತ್ತರವನ್ನಾದರೂ ನುಂಗಿಕೊಂಡಾರು, ತಮ್ಮ ಜಗಲಿಯ ಮೇಲೆ ಕೇರಿಯವನ ಮಾತಿಗೆ ಜನ ನಗೋದನ್ನು ನುಂಗಲಾರರು.

ಎರ್ರಪ್ಪನಿಗೆ ಸಂಘ ಗೊತ್ತಿಲ್ಲ, ಬ್ಯಾನರು ಗೊತ್ತಿಲ್ಲ. ಅವನಿಗೆ ಗೊತ್ತಿದ್ದದ್ದು ಸರದಿ. ಮಾರನೇ ದಿನ ಲೈನ್ ಮನೆಗಳಿಗೆ ನೀರು ಬಿಟ್ಟ. ಅದರ ಮುಂದಿನ ಸರದಿಗೂ ಬಿಟ್ಟ. ಪಂಚಾಯ್ತಿಯಿಂದ ಬಾಯಿಮಾತಿನ ಎಚ್ಚರಿಕೆ ಬಂತು, ಬಿಟ್ಟ. ಮುಷ್ಕರ ಕಾವೇರುತ್ತಿದ್ದ ಒಂದು ಬೆಳಿಗ್ಗೆ ಮುರಳಿಮೋಹನ್ ಬೈಕಿನಲ್ಲಿ ಬಂದು, ವಾಲ್ವಿನ ಗುಂಡಿಯ ಹತ್ತಿರವೇ ಅವನ ಕೈಯಿಂದ ಕೀ ಕಿತ್ತುಕೊಂಡ. "ನಾಳೆಯಿಂದ ನೀನು ಬರಬೇಡ" ಅಂದ. ಅವತ್ತಿಗೆ ಎರ್ರಪ್ಪನ ಕೆಲಸ ಮುಗಿಯಿತು. ಮುರಳಿಮೋಹನನ ಲಾರಿಯ ಕ್ಲೀನರ್ ಒಬ್ಬ ಹೊಸ ನೀರುಗಂಟಿಯಾದ. ಲೈನ್ ಮನೆಗಳ ನಲ್ಲಿ ಒಣಗಿತು.

ಇಲ್ಲಿಗೆ ಮುಷ್ಕರ ಮುಗಿಯಬೇಕಿತ್ತು. ಮುಗಿಯೋಕೆ ಬಿಡದವಳು ಎರ್ರಪ್ಪನ ಹೆಂಡತಿ ಗಂಗುಲಮ್ಮ. ಕೇರಿಯ ವಾಲ್ವು ಮುಚ್ಚುವ ಧೈರ್ಯ ಆವಲಪ್ಪನಿಗಿರಲಿಲ್ಲ. ಮುಚ್ಚಿದ್ದರೆ ಜಾತಿ ದೌರ್ಜನ್ಯದ ಮೊಕದ್ದಮೆ ಬೀಳುತ್ತಿತ್ತು. ಗಂಗುಲಮ್ಮ ಲೈನ್ ಮನೆಗಳ ಮುಂದೆ ಬಂದು ನಿಂತು ಕೂಗಿದಳು. "ಬಿಂದಿಗೆ ತಗೊಂಡು ನಮ್ಮ ನಲ್ಲಿಗೆ ಬನ್ರಮ್ಮ. ಬರೋಕ್ ಮನಸಿದ್ರೆ."

ಆ ಕೊನೆಯ ಮಾತು ಸುಮ್ಮನೆ ಆಡಿದ್ದಲ್ಲ. ಲೈನ್ ಮನೆಗಳಲ್ಲಿ ಎಲ್ಲ ಜಾತಿಯವರೂ ಇದ್ದರು. ಶಾಮಿಯಾನದಲ್ಲಿ "ನಾವೆಲ್ಲ ಒಂದು" ಅಂತ ಗಂಟಲು ಹರಿಯುವ ಹಾಗೆ ಕೂಗಿದವರಲ್ಲಿ ಅರ್ಧ ಜನ ಅಲ್ಲಿವರೆಗೆ ಕೇರಿಯ ನಲ್ಲಿ ಯಾವ ಕಡೆಗಿದೆ ಅಂತಲೂ ನೋಡಿರಲಿಲ್ಲ. ನೇಯುವ ಮಿಷನ್ನಿನ ಗಂಗರಾಜು ಹೆಂಡತಿ ರೂಪಳಿಗೆ, "ನೀನು ಹೋಗ್ಬೇಡ, ನಮ್ಮೂರಲ್ಲಿ ಗೊತ್ತಾದ್ರೆ..." ಅಂದನಂತೆ. ರೂಪ ಬಿಂದಿಗೆ ಸೊಂಟಕ್ಕಿಟ್ಟುಕೊಂಡು, "ಗೊತ್ತಾಗದಂಗೆ ನೀನು ನೀರು ಕುಡಿಯೋದು ಬಿಡು ಹಂಗಾದ್ರೆ," ಅಂತ ಹೊರಟೇಬಿಟ್ಟಳು. ಸಂಜೆ ಅವನೂ ಕುಡಿದ. ಬಾಯಾರಿಕೆ ಜಾತಿ ಕೇಳೋದಿಲ್ಲ, ಆರಿದ ಮೇಲೆ ಕೇಳುತ್ತದೆ.

ಕೇರಿಗೇ ಸಾಲದ ನೀರು ಅದು. ಗಂಗುಲಮ್ಮ ನಲ್ಲಿಯ ಪಕ್ಕ ನಿಂತು ಕೇರಿಯ ಬಿಂದಿಗೆ ಒಂದು, ಲೈನ್ ಮನೆಯ ಬಿಂದಿಗೆ ಒಂದು ಅಂತ ಹಿಡಿಸಿದಳು. ಕೇರಿಯ ಹೆಂಗಸರು ಬೈದರು. "ನಿನ್ನ ಗಂಡ ಕೆಲಸ ಕಳ್ಕೊಂಡಿದ್ದು ಸಾಲದು ಅಂತ ನಮ್ಮ ನೀರೂ ಕಳೀತಿದ್ದೀಯಾ?" ಅಂದರು. ಗಂಗುಲಮ್ಮ ಅವರಿಗೂ ವಾಪಸ್ಸು ಬೈದಳು, ನೀರೂ ಹಿಡಿಸಿದಳು. ತನ್ನ ಮನೆಯ ಬಿಂದಿಗೆಯನ್ನು ಕೊನೆಗಿಟ್ಟಳು. ಎಷ್ಟೋ ದಿನ ಅದು ಅರ್ಧವೂ ತುಂಬುತ್ತಿರಲಿಲ್ಲ. ಕೆಲಸ ಹೋದರೂ ಕಟ್ಟು ಹೋಗಲಿಲ್ಲ ಆ ಮನೆಯಲ್ಲಿ.

ಮುಷ್ಕರ ಗೆದ್ದಿತು. ಕಾರ್ಮಿಕ ಇಲಾಖೆಯ ಅಧಿಕಾರಿಯ ಮುಂದೆ ಒಪ್ಪಂದವಾಯಿತು. ಹೊಲಿಯುವ ಹೆಂಗಸರೆಲ್ಲ ಫ್ಯಾಕ್ಟರಿಯ ನೇರ ಕೆಲಸಗಾರರು. ತನುಜಳಿಗೆ ಪರಿಹಾರ, ಕೈಗೆ ಹಗುರವಾದ ಕೆಲಸ. ಶಾಮಿಯಾನದಲ್ಲಿ ಪಟಾಕಿ ಹೊಡೆದರು. ಮರುದಿನ ಬೆಳಿಗ್ಗೆ ಹಾರ ಹಾಕಿಕೊಂಡು ಗೇಟಿನೊಳಗೆ ಮೆರವಣಿಗೆ ಅಂತ ತೀರ್ಮಾನವಾಯಿತು.

ಅವತ್ತು ಸಂಜೆ ತನುಜ, ರೂಪ, ಇನ್ನೂ ನಾಲ್ಕು ಹೆಂಗಸರು ಸ್ವೀಟಿನ ಡಬ್ಬಿ ಹಿಡಿದುಕೊಂಡು ಎರ್ರಪ್ಪನ ಮನೆಗೆ ಹೋದರು. ಎರ್ರಪ್ಪ ಗೋಡೆಗೊರಗಿ ಕೂತಿದ್ದ. ಕೀ ಇಲ್ಲದ ಸೈಕಲ್ಲು ಬೇಲಿಗೊರಗಿತ್ತು. ಗಂಗುಲಮ್ಮ ಡಬ್ಬಿಯ ಕಡೆ ನೋಡಲಿಲ್ಲ.

"ಎಲ್ಲರ ಕೆಲಸವೂ ವಾಪಸ್ ಬಂತೇನ್ರಮ್ಮ?" ಅಂತ ಕೇಳಿದಳು.

"ಬಂತಕ್ಕ."

"ಇವರದು?"

ರೂಪ, "ಅದೂ ಮಾತಾಡ್ತಾರೇನೋ ಅಕ್ಕ..." ಅಂತ ಶುರುಮಾಡಿದಳು.

"ಏನೋ ಅಲ್ಲ ಕಣಮ್ಮ. ಹೌದು ಅನ್ನು, ಇಲ್ಲ ಅನ್ನು. ನೀರು ಹಿಡಿಯೋವಾಗ ನೀವು ಏನೋ ಅಂತಿದ್ರಾ? ಈ ಮೈಸೂರ್‌ಪಾಕು ತಿಂದು ನಾವು ಎಷ್ಟು ದಿನ ಬಾಳೋದು? ತಗೊಂಡೋಗಿ. ನಿಮ್ಮ ಮಕ್ಕಳಿಗೆ ಕೊಡಿ."

"ಬಿಡೇ, ಮನೆಗೆ ಬಂದೋರ ಮೇಲೆ..." ಅಂದ ಎರ್ರಪ್ಪ.

"ನೀನು ಬಾಯ್ಮುಚ್ಕೊಂಡು ಕೂತ್ಕೋ. ನಿಂದು ಸರದಿ ಆಯ್ತು, ಈಗ ನಂದು."

ತನುಜ ಅಲ್ಲಿಂದ ನೆಟ್ಟಗೆ ಶಾಮಿಯಾನಕ್ಕೆ ಹೋದಳು. ಭಾನುಪ್ರಕಾಶ್ ಅಲ್ಲಿ ನಾಳೆಯ ಹಾರಗಳ ಬಗ್ಗೆ ಮಾತಾಡುತ್ತಿದ್ದರು.

"ಅಣ್ಣ, ಎರ್ರಪ್ಪಣ್ಣನ ವಿಷಯ ಒಪ್ಪಂದದಲ್ಲಿ ಇಲ್ವಲ್ಲ?"

"ಅದು ಹೆಂಗೆ ಬರುತ್ತಮ್ಮ? ಅವರು ಪಂಚಾಯ್ತಿಯವರು. ಅದು ಬೇರೆ ಇಲಾಖೆ, ಬೇರೆ ಕಾನೂನು. ಈಗ ಅದನ್ನ ಎಳೆದು ತಂದ್ರೆ ಆಗಿರೋ ಒಪ್ಪಂದವೂ ಮುರಿದುಬೀಳುತ್ತೆ. ಪಾಪ, ಒಳ್ಳೇ ಮನುಷ್ಯ. ಆದ್ರೆ ಅವರು ನಮ್ಮ ಕಾರ್ಮಿಕರೇ ಅಲ್ಲ."

ತನುಜ ಬಲಗೈಯನ್ನು ಸೆರಗಿನಿಂದ ಹೊರಗೆ ತೆಗೆದಳು. "ಅಣ್ಣ, ಈ ಮಾತು ನಾನು ಆಸ್ಪತ್ರೆ ಮಂಚದ ಮೇಲೆ ಕೇಳಿದ್ದೀನಿ."

"ಏಯ್, ಅವರು ಹೇಳಿದ್ದೂ ನಾನು ಹೇಳ್ತಿರೋದೂ ಒಂದೇನಮ್ಮ?"

"ನನ್ನ ಬೆರಳಿಗೆ ಒಂದೇ ಥರ ಕೇಳಿಸ್ತಾ ಐತೆ ಅಣ್ಣ."

ಭಾನುಪ್ರಕಾಶ್ ಸಿಟ್ಟಾದರು. ಭಾವನೆ ಬೇರೆ, ಹೋರಾಟದ ತಂತ್ರ ಬೇರೆ ಅಂದರು. ಮುಂದೆ ನೋಡೋಣ ಅಂದರು. ಮುಂದೆ ನೋಡೋಣ! ಈ ನಾಡಿನ ಅರ್ಧ ಅನ್ಯಾಯ ಆ ಎರಡು ಪದಗಳ ನೆರಳಿನಲ್ಲೇ ಮಲಗಿದೆ. ಮಾಲೀಕ ಹೇಳಿದರೆ ನಮಗೆ ಅರ್ಥವಾಗುತ್ತದೆ, ಅವನು ಮಾಲೀಕ. ಕೆಂಪು ಶಾಲಿನವರೂ ಅದನ್ನೇ ಹೇಳಿದರೆ ಬಡವ ಯಾರ ಬಾಗಿಲಿಗೆ ಹೋಗಬೇಕು?

ಮರುದಿನ ಬೆಳಿಗ್ಗೆ ತಮಟೆ ಬಂತು, ಹಾರ ಬಂತು. ಗಂಡಸರು ಸಾಲಾಗಿ ಗೇಟಿನೊಳಗೆ ಹೊರಟರು. ಹಿಂದಿದ್ದ ಹೆಂಗಸರು ಗೇಟಿನ ಮುಂದೆ ಬಂದವರೇ ಕೂತುಬಿಟ್ಟರು. ಪ್ರತಿಯೊಬ್ಬಳ ಮುಂದೆಯೂ ಒಂದು ಖಾಲಿ ಬಿಂದಿಗೆ.

ಭಾನುಪ್ರಕಾಶ್ ಓಡಿ ಬಂದರು. "ಏನಿದು? ಗೆದ್ದ ಮೇಲೆ ಯಾರಾದ್ರೂ ಮುಷ್ಕರ ಮಾಡ್ತಾರಾ?"

"ನಾವಿನ್ನೂ ಗೆದ್ದಿಲ್ಲ ಅಣ್ಣ. ಎರ್ರಪ್ಪಣ್ಣನ ಕೈಗೆ ಕೀ ಬರ್ಲಿ, ಗೆದ್ವಿ ಅಂತ ನಾವೇ ಹೇಳ್ತೀವಿ," ಅಂದಳು ತನುಜ.

"ಒಪ್ಪಂದಕ್ಕೆ ಸಹಿ ಹಾಕಿದ್ದೀವಮ್ಮ! ಇದು ಕಾನೂನುಬಾಹಿರ ಆಗುತ್ತೆ!"

ಈ ಮಾತನ್ನೂ ಆ ಹೆಂಗಸರು ಅದಕ್ಕೂ ಮುಂಚೆ ಮಾಲೀಕರ ಬಾಯಲ್ಲಿ ಕೇಳಿದ್ದರು. ಯಾರೂ ಏಳಲಿಲ್ಲ.

ಗಂಡಸರು? ಒಳಗೆ ಹೋದರು. ಕೊರಳಲ್ಲಿ ಹಾರ ಹಾಕಿಕೊಂಡು, ಕೂತ ಹೆಂಗಸರ ಪಕ್ಕದಲ್ಲೇ ಹಾದು, ಬಿಂದಿಗೆಗೆ ಕಾಲು ತಾಗದ ಹಾಗೆ ಹುಷಾರಾಗಿ ಹೆಜ್ಜೆ ಇಟ್ಟುಕೊಂಡು ಹೋದರು. ಇದನ್ನು ನಾನು ಕ್ಷಮಿಸಲಾರೆ. ಕೇರಿಯ ನಲ್ಲಿಯ ನೀರು ಕುಡಿದ ಹೊಟ್ಟೆಗಳು ಅವು.

ಗಂಗರಾಜು ಹೆಂಡತಿಗೆ ಗದರಿದ. "ಏಯ್ ರೂಪಾ, ನಾಟಕ ಸಾಕು, ಒಳಗೆ ಬಾ!"

"ನೀನು ಹೋಗಪ್ಪ. ಹೋಗಿ ಚೀಲ ನೇಯಿ. ಹೊಲಿಯೋರು ಯಾರು ನೋಡಣ."

"ಮೊದಲು ನಿನ್ನ ಬಾಯಿ ಹೊಲೀಬೇಕು ಕಣೇ!"

"ಬಾಯಿ ಹೊಲಿಯೋ ಮಿಷನ್ನೂ ನಂದೇ ಕಣೋ, ಸೂಜಿ ನನ್ನತ್ರ ಐತೆ!"

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಗೇಟಿನ ಕಾವಲುಗಾರನೂ ಮುಖ ತಿರುಗಿಸಿಕೊಂಡು ನಕ್ಕ.

ಒಳಗೆ ಮಿಷನ್ನುಗಳು ಓಡಿದವು. ನೇಯ್ದ ಬಟ್ಟೆ ಸುರುಳಿ ಸುರುಳಿಯಾಗಿ ಬಿದ್ದಿತು. ಹೊಲಿಯದ ಚೀಲದಲ್ಲಿ ಏನು ತುಂಬುತ್ತೀರಿ, ಗಾಳಿಯನ್ನಾ? ಗೇಟಿನ ಹೊರಗೆ ಮುರಳಿಮೋಹನನ ಲಾರಿಗಳು ಖಾಲಿ ನಿಂತವು. ಡ್ರೈವರುಗಳು ಲಾರಿಯ ಕೆಳಗೆ ನೆರಳಿಗೆ ಮಲಗಿದರು. ಮಧ್ಯಾಹ್ನ ಊಟದ ಹೊತ್ತಿಗೆ ಗಂಗರಾಜು ಹೊರಗೆ ಬಂದ. ಅವನ ಊಟದ ಡಬ್ಬಿ ರೂಪಳ ಮಡಿಲಲ್ಲಿತ್ತು. ಅವಳು ಕೊಡಲಿಲ್ಲ. ಅವನು ಹಾರ ತೆಗೆದು ಗೇಟಿಗೆ ನೇತುಹಾಕಿ ಅವಳ ಪಕ್ಕ ಕೂತ. ಅವನನ್ನು ನೋಡಿ ಇನ್ನೂ ಕೆಲವರು ಬಂದರು. ಎಲ್ಲರೂ ಅಲ್ಲ. ಸಂಘದ ಕಮಿಟಿಯವರಲ್ಲಿ ಒಬ್ಬನೂ ಅಲ್ಲ.

ಮಾಲೀಕರಿಗೆ ಎರ್ರಪ್ಪ ಯಾರೆಂದೇ ಗೊತ್ತಿರಲಿಲ್ಲ. ಅವರಿಗೆ ಬೇಕಿದ್ದದ್ದು ಚೀಲ. ಫ್ಯಾಕ್ಟರಿಯಿಂದ ಮುರಳಿಮೋಹನನಿಗೆ ಫೋನು ಹೋಯಿತು: ಇದು ನಿಮ್ಮೂರಿನ ಗಲಾಟೆ, ಇವತ್ತೇ ಮುಗಿಸಿ, ಇಲ್ಲದಿದ್ದರೆ ನಾಳೆಯಿಂದ ಬೇರೆ ಲಾರಿ. ಮುರಳಿಮೋಹನ್ ಅಪ್ಪನ ಹತ್ತಿರ ಓಡಿದ. ನ್ಯಾಯಕ್ಕೆ ಬಗ್ಗದ ಆವಲಪ್ಪ ಲಾರಿಗೆ ಬಗ್ಗಿದ.

ಸಂಜೆ ಎರ್ರಪ್ಪನನ್ನು ಪಂಚಾಯ್ತಿ ಆಫೀಸಿಗೆ ಕರೆಸಿದರು, ಹೆಂಗಸರೂ ಗೇಟಿನಿಂದ ಎದ್ದು ಜೊತೆಗೆ ಬಂದರು. ಅಲ್ಲಿಗೆ ಶೋಭಾರಾಣಿ ಬಂದಳು. ಅಧ್ಯಕ್ಷೆಯಾದ ಮೇಲೆ ಆಕೆ ಒಬ್ಬಳೇ ಬಂದದ್ದು ಅದೇ ಮೊದಲಂತೆ. ಕೀಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ತಗೊಳಣ್ಣ," ಅಂದಳು. ಆಮೇಲೆ ದನಿ ತಗ್ಗಿಸಿ, "ಮಾವನೋರು ಕಳಿಸಿದ್ರು ಅಂತ ಹೇಳ್ಬೇಡ. ನಾನೇ ಕೊಟ್ಟೆ ಅಂತ ಇರ್ಲಿ," ಅಂದಳು.

ಎರ್ರಪ್ಪ ತಗೊಂಡ. ಕರೆಂಟು ಬಂದಿತ್ತು. ಕೀ ಸೈಕಲ್ಲಿಗೆ ಕಟ್ಟಿಕೊಂಡು ಹೊರಟ. ಹಿಂದೆ ಹೆಂಗಸರ ಹಿಂಡು, ಸೊಂಟದಲ್ಲಿ ಖಾಲಿ ಬಿಂದಿಗೆ. ಲೈನ್ ಮನೆಗಳ ವಾಲ್ವಿನ ಹತ್ತಿರ ಅವನು ನಿಲ್ಲಲಿಲ್ಲ. ಕೇರಿಯ ವಾಲ್ವಿನ ಹತ್ತಿರವೂ ನಿಲ್ಲಲಿಲ್ಲ. ಮೇಲಿನ ಬೀದಿಯ ಗುಂಡಿಯ ಕಲ್ಲು ಸರಿಸಿ ಕೀ ಇಳಿಸಿದ.

ರೂಪ ಕಿರುಚಿಕೊಂಡಳು. "ಎರ್ರಪ್ಪಣ್ಣ! ಅವರ ಬೀದಿಗಾ? ಮೊದಲು ಅವರಿಗಾ?"

"ಇವತ್ತು ಸರದಿ ಅವರದು ಕಣಮ್ಮ."

"ನಿನ್ನ ಕೆಲಸ ಕಿತ್ತವರು ಅವರು! ನಿನಗೆ ಸಿಟ್ಟೇ ಬರಲ್ವಾ?" ಅಂದಳು ತನುಜ.

"ಬರ್ತೈತೆ. ಯಾಕ್ ಬರಲ್ಲ? ಸಿಟ್ಟು ಬಂದಾಗ ನೀರು ನಿಲ್ಲಿಸಿದ್ರೆ ನಾನೂ ಆವಲಪ್ಪನೇ ಆಗ್ಬಿಡ್ತೀನಲ್ಲಮ್ಮ. ನೀವು ನಾಳೆ ಬೆಳಿಗ್ಗೆ ಬನ್ನಿ. ನಾಳೆ ನಿಮ್ಮದು."

ಹೆಂಗಸರು ಬೈದುಕೊಂಡೇ ವಾಪಸ್ಸಾದರು. ಖಾಲಿ ಬಿಂದಿಗೆಗಳ ಜೊತೆ.

ಆಮೇಲೆ ಎರ್ರಪ್ಪ ಒಂದು ಸಲ ಸಂಘದ ಆಫೀಸಿಗೆ ಹೋಗಿದ್ದ. ಮೆಂಬರ್ ಮಾಡ್ಕೊಳ್ಳಿ ಅಂತ ಕೇಳಿದ. ಸಂಘದ ನಿಯಮದಲ್ಲಿ ಅವಕಾಶವಿಲ್ಲ ಅಂದರು. ಟೀ ಕುಡಿಸಿ ಕಳಿಸಿದರು. ಮೆಂಬರ್ ಅಲ್ಲದವನ ಹೆಸರು ಭಾಷಣಕ್ಕೆ ಮಾತ್ರ ಆಗುತ್ತದೆ ಅನ್ನೋದು ಮೇ ದಿನ ಗೊತ್ತಾಯಿತು.

ಆ ಮೇ ದಿನ ಅವನನ್ನು ಸನ್ಮಾನಕ್ಕೆ ಕರೆದಿದ್ದರು. ಅವನು ಬರಲಿಲ್ಲ. ಆವತ್ತು ಲೈನ್ ಮನೆಗಳ ಸರದಿ. ವೇದಿಕೆಯ ಮೇಲೆ ಒಂದು ಕುರ್ಚಿ ಖಾಲಿ ಉಳಿಯಿತು. ಭಾನುಪ್ರಕಾಶ್ ಅವರೇ, ಆ ಖಾಲಿ ಕುರ್ಚಿಯ ಪಕ್ಕ ನಿಂತುಕೊಂಡು ನೀವು ಬಂಡೆಯ ಮಾತಾಡಿದಿರಿ. ಗೇಟಿನ ಹೊರಗೆ ಬಿಂದಿಗೆ ಇಟ್ಟುಕೊಂಡು ಕೂತವರಲ್ಲಿ ಒಬ್ಬಳ ಹೆಸರನ್ನೂ ಹೇಳಲಿಲ್ಲ.

ಸಭೆ ಮುಗಿದ ಮೇಲೆ ಸಂಘದವರೊಬ್ಬರು ಆ ಸನ್ಮಾನದ ಹಾರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬೋಯನಕುಂಟೆಗೆ ಹೋದರು. ಎರ್ರಪ್ಪ ಇನ್ನೂ ಮನೆಗೆ ಬಂದಿರಲಿಲ್ಲ. ಗಂಗುಲಮ್ಮ ಬಾಗಿಲಲ್ಲಿ ನಿಂತು ಹಾರವನ್ನು ಮೇಲೆ ಕೆಳಗೆ ನೋಡಿದಳು.

"ಇದು ಬಾಡದೇ ಇರ್ಬೇಕಾದ್ರೆ ನೀರು ಚಿಮುಕಿಸ್ಬೇಕಲ್ಲಪ್ಪ," ಅಂದಳು. "ನಮ್ಮನೇದು ಊರಿಗೆಲ್ಲ ಕೊನೇ ಬಿಂದಿಗೆ. ಇದಕ್ಕೆ ಹಾಕೋವಷ್ಟು ಇರಲ್ಲ. ತಗೊಂಡೋಗು."